ಹಡಗಿನವರ ಮನೆಯಲ್ಲಿ ಪ್ರೇಮದ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ ತಾಲ್ಲೂಕಿನ ನಮ್ಮ ಊರಿನಲ್ಲಿ ತಿಂಗಳಿಗೊಂದು ಸಂಜೆ ನಮ್ಮ ಮನೆಯ ಜಗಲಿಗೆ ಬಿಳಿ ಪಂಚೆ ಕಟ್ಟಿ ಸಿನಿಮಾ ನೋಡುತ್ತೇವೆ. ನಾನು ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದು ನಿವೃತ್ತಳಾದವಳು. ನಮ್ಮ ಮನೆಯವರು 1986ರಿಂದ 2008ರವರೆಗೆ ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದರು. ಒಮ್ಮೆ ಹೋದರೆ ಒಂಬತ್ತು ತಿಂಗಳು. ಪ್ರೀತಿಸಿದವರು ದೂರವಿರುವ ಕಥೆ ಹಾಗಾಗಿ ನನಗೆ ಹೊರಗಿನ ವಿಷಯವಲ್ಲ. ಸಿನಿಮಾ ಮುಗಿದು ಚಹಾ ಕುಡಿಯುವಾಗ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕಾರವಾರದಿಂದ, ಶಿರಸಿಯಿಂದ ಬರಲಾಗದವರು ಫೋನಿನಲ್ಲಿ ಕೇಳುವುದೂ ಅವನ್ನೇ. ನನಗೆ ತಿಳಿದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅಲ್ಲಲ್ಲಿ ಕಥೆಯ ಕೊನೆಯನ್ನೂ ಹೇಳಿದ್ದೇನೆ. ಇನ್ನೂ ನೋಡದವರು ಅಂಥ ಉತ್ತರವನ್ನು ದಾಟಿಕೊಂಡು ಮುಂದೆ ಹೋಗಬಹುದು.

ಅಕ್ಕೋರೇ, ಯಾವಾಗಲೂ ದೂರ ಇರುವವರ ಪ್ರೀತಿಯ ಸಿನಿಮಾಗಳನ್ನೇ ಏಕೆ ಆರಿಸುತ್ತೀರಿ?

ಜಗಲಿಯಲ್ಲಿ ಕುಳಿತವರನ್ನು ಒಮ್ಮೆ ನೋಡಿದರೆ ಸಾಕು. ಒಬ್ಬಳ ಗಂಡ ಮಲ್ಪೆಯ ಬೋಟಿನಲ್ಲಿದ್ದಾನೆ, ಇನ್ನೊಬ್ಬಳ ಗಂಡ ದುಬೈಯಲ್ಲಿ. ಯಕ್ಷಗಾನದ ಭಾಗವತರ ಮನೆಯಲ್ಲಿ ದೀಪಾವಳಿ ಕಳೆಯಿತೆಂದರೆ ತಿರುಗಾಟ. ಮೇಳ ಗೆಜ್ಜೆ ಬಿಚ್ಚುವುದು ಮಳೆಗಾಲ ಹತ್ತಿರವಾದಾಗ. ಬೆಂಗಳೂರಿನ ಕಂಪನಿಗೆ ಸೇರಿದ ಹುಡುಗ ಹುಡುಗಿಯರ ಲೆಕ್ಕವಂತೂ ಬೇಡ. ಕಾರವಾರದ ಕದಂಬ ನೌಕಾನೆಲೆಗೆ ಬಂದ ನಾವಿಕರೂ ತಮ್ಮ ಊರಿನಲ್ಲಿ ಯಾರನ್ನೋ ಬಿಟ್ಟು ಬಂದವರೇ. ಇಷ್ಟು ಮನೆಗಳಲ್ಲಿ ಇರುವ ಸಂಗತಿ ಪರದೆಯ ಮೇಲೆ ಸರಿಯಾಗಿ ಬಂದಿದೆಯೇ ಎಂದು ನೋಡುವ ಹಕ್ಕು ನಮಗಿದೆ.

ಪ್ರೇಮದ ಸಿನಿಮಾ ‘ನೈಜ’ವಾಗಿದೆ ಎಂದು ಹೇಳುವುದು ಹೇಗೆ? ಮೇಕಪ್ ಇಲ್ಲದಿದ್ದರೆ ನೈಜವೇ?

ಮೇಕಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ನಾನು ನೋಡುವುದು ಒಂದನ್ನೇ: ನಡುವಿನ ದಿನಗಳನ್ನು ಸಿನಿಮಾ ಏನು ಮಾಡಿತು? ಹೊರಡುವ ದಿನ ರೈಲ್ವೆ ನಿಲ್ದಾಣದ ಕಣ್ಣೀರು, ಬರುವ ದಿನ ಓಡಿಬಂದು ಅಪ್ಪಿಕೊಳ್ಳುವುದು, ಇವೆರಡನ್ನೂ ಎಲ್ಲರೂ ಚೆನ್ನಾಗಿಯೇ ತೆಗೆಯುತ್ತಾರೆ. ನಡುವೆ ಇರುವ ಎರಡು ವರ್ಷ ಮಾತ್ರ ಒಂದು ಹಾಡಿನೊಳಗೆ ಮುಗಿದುಹೋಗುತ್ತದೆ. ನಾವು ಬದುಕುವುದು ಆ ಎರಡು ವರ್ಷದಲ್ಲಿ.

ಆ ದಿನಗಳಲ್ಲಿ ಆಗುವುದೇನು ಎಂದರೆ, ಮೈಲಿಗಳಿಗಿಂತ ಹೆಚ್ಚಾಗಿ ದಿನಚರಿ ಬೇರೆಯಾಗುತ್ತದೆ. ನನಗೆ ಪರೀಕ್ಷೆಯ ಉತ್ತರಪತ್ರಿಕೆ, ಅತ್ತೆಯ ಮಂಡಿನೋವು, ಬಾವಿಯ ರಾಟೆ ಮುರಿದದ್ದು. ಅವರಿಗೆ ಹಡಗಿನ ಪಾಳಿ, ಎಣ್ಣೆ ಸೋರುವ ಪಂಪು, ಹೆಸರು ಹೇಳಲು ಬಾರದ ಬಂದರು. ಹೇಳಿಕೊಳ್ಳಬೇಕಾದದ್ದು ಬೆಳೆಯುತ್ತಾ ಹೋಗಿ, ಹೇಳಿಕೊಂಡರೂ ಅರ್ಥವಾಗದ್ದು ಅದಕ್ಕಿಂತ ಬೇಗ ಬೆಳೆಯುತ್ತದೆ. ಇದನ್ನು ಬಲ್ಲ ಸಿನಿಮಾ ಯಾವ ಭಾಷೆಯಲ್ಲಿದ್ದರೂ ನೈಜವೇ.

ಹಾಡುಗಳಿದ್ದರೆ ನೈಜತೆ ಕೆಡುವುದಿಲ್ಲವೇ?

ಈ ಪ್ರಶ್ನೆಗೆ ಒಂದೇ ಸಿನಿಮಾ ಉತ್ತರ ಕೊಡುತ್ತದೆ. ಫ್ರಾನ್ಸಿನ ಜಾಕ್ ದೆಮಿ 1964ರಲ್ಲಿ ಮಾಡಿದ ‘ದಿ ಅಂಬ್ರೆಲಾಸ್ ಆಫ್ ಶೆರ್ಬೂರ್’. ಅದರಲ್ಲಿ ಹಾಡದೆ ಆಡುವ ಮಾತು ಒಂದೂ ಇಲ್ಲ. ಕಾರು ರಿಪೇರಿಯ ಲೆಕ್ಕವನ್ನೂ ಹಾಡುತ್ತಾರೆ. ಗೋಡೆಗಳಿಗೆ ಹಚ್ಚಿದ ಬಣ್ಣ ನಮ್ಮ ಬಂಡಿಹಬ್ಬದ ಅಂಗಡಿಗಳಂತೆ ಕಣ್ಣಿಗೆ ಹೊಡೆಯುತ್ತದೆ. ಆದರೂ ದೂರದ ಪ್ರೀತಿಯ ಬಗ್ಗೆ ಇಷ್ಟು ನಿಜ ಹೇಳಿದ ಸಿನಿಮಾವನ್ನು ನಾನು ಕಡಿಮೆ ನೋಡಿದ್ದೇನೆ.

ಶೆರ್ಬೂರ್ ನಮ್ಮ ಕಾರವಾರದಂತೆ ಕಡಲ ಊರು, ಮಳೆಯ ಊರು, ನೌಕಾಪಡೆಯ ಊರು. ಕೊಡೆ ಅಂಗಡಿಯ ಹುಡುಗಿ ಜೆನೆವೀವ್, ಗ್ಯಾರೇಜಿನ ಹುಡುಗ ಗೀ. ಅಲ್ಜೀರಿಯಾದ ಯುದ್ಧಕ್ಕೆ ಸೈನ್ಯದ ಕರೆ ಬಂದು ಹುಡುಗ ಎರಡು ವರ್ಷಕ್ಕೆಂದು ಹೋಗುತ್ತಾನೆ. ದೆಮಿ ಸಿನಿಮಾವನ್ನು ಮೂರು ಭಾಗ ಮಾಡಿ ಹೆಸರಿಟ್ಟಿದ್ದಾರೆ: ನಿರ್ಗಮನ, ಗೈರು, ಮರಳುವಿಕೆ. ನಡುವಿನ ಭಾಗಕ್ಕೆ ಅಷ್ಟು ದೊಡ್ಡ ಜಾಗ ಕೊಟ್ಟದ್ದೇ ನನಗೆ ಮೊದಲು ಹಿಡಿಸಿದ್ದು. ಅದರಲ್ಲಿ ಹುಡುಗಿ ಗರ್ಭಿಣಿ. ಕಾಗದಗಳು ಅಪರೂಪ. ಅವನನ್ನು ನೆನೆದರೆ ಅವನ ಮುಖ ಬರುವುದಿಲ್ಲ, ಅವನ ಫೋಟೊ ಕಣ್ಣ ಮುಂದೆ ಬರುತ್ತದೆ ಎಂಬರ್ಥದ ಮಾತನ್ನು ಅವಳು ಹೇಳುತ್ತಾಳೆ.

ಆ ಮಾತಿಗೆ ನಾನು ಪ್ರೊಜೆಕ್ಟರ್ ನಿಲ್ಲಿಸಿದೆ. 1989ರಲ್ಲಿ ನನಗೂ ಹಾಗೇ ಆಗಿತ್ತು. ಗೋಡೆಯ ಮೇಲಿದ್ದ ಮದುವೆಯ ಫೋಟೊದಲ್ಲಿ ಅವರು ಸ್ವಲ್ಪ ಎಡಕ್ಕೆ ತಿರುಗಿ ನಿಂತಿದ್ದಾರೆ. ಕಣ್ಣು ಮುಚ್ಚಿದರೆ ಬರುತ್ತಿದ್ದದ್ದು ಆ ಎಡಕ್ಕೆ ತಿರುಗಿದ ಮುಖ ಮಾತ್ರ. ನಗುವಾಗ ಹೇಗಿರುತ್ತಾರೆ, ಊಟಕ್ಕೆ ಕೂತಾಗ ಹೇಗಿರುತ್ತಾರೆ ಎಂಬುದು ಎಷ್ಟು ಕರೆದರೂ ಬರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಪ್ರೀತಿ ಕಡಿಮೆಯಾಗಿದೆ ಎಂದುಕೊಂಡಾರು ಎಂಬ ಭಯ. ಫ್ರೆಂಚ್ ಹುಡುಗಿಯೊಬ್ಬಳು ಹಾಡಿ ಹೇಳಿದ ಮೇಲೆ ಜಗಲಿಯಲ್ಲಿದ್ದ ಮೂವರು ಹೆಂಗಸರು ‘ನನಗೂ ಹಾಗೆಯೇ’ ಎಂದರು.

ಜೆನೆವೀವ್ ಬೇರೆಯವನನ್ನು ಮದುವೆಯಾಗುತ್ತಾಳೆ. ಗೀ ಕಾಲಿಗೆ ಪೆಟ್ಟು ಮಾಡಿಕೊಂಡು ಮರಳಿ, ಕುಡಿದು ಅಲೆದು, ಕೊನೆಗೆ ತನ್ನ ಸೋದರತ್ತೆಯನ್ನು ನೋಡಿಕೊಂಡಿದ್ದ ಮಾದ್ಲೆನ್ ಎಂಬ ಹುಡುಗಿಯೊಂದಿಗೆ ಬದುಕು ಕಟ್ಟಿಕೊಳ್ಳುತ್ತಾನೆ. ಹಿಮ ಬೀಳುವ ಒಂದು ರಾತ್ರಿ ಅವನ ಪೆಟ್ರೋಲ್ ಬಂಕಿಗೆ ಜೆನೆವೀವಳ ಕಾರು ಬರುತ್ತದೆ. ನಾಲ್ಕು ಮಾತು. ಯಾವ ಪೆಟ್ರೋಲ್ ಬೇಕು ಎಂಬುದೂ ಆ ಮಾತುಗಳಲ್ಲೊಂದು. ಕಾರಿನಲ್ಲಿ ಕೂತ ಮಗುವನ್ನು ನೋಡುತ್ತೀಯಾ ಎಂದರೆ ಅವನು ಬೇಡವೆನ್ನುತ್ತಾನೆ. ಯಾರೂ ಕೆಟ್ಟವರಲ್ಲ, ಮೋಸ ಮಾಡಿದವರೂ ಇಲ್ಲ.

ಕನ್ನಡದಲ್ಲಿ ಅಂಥದ್ದು ಯಾವುದಿದೆ?

ಈಚಿನದರಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’. ಹೇಮಂತ್ ಎಂ. ರಾವ್ ಅವರ ನಿರ್ದೇಶನ, 2023ರಲ್ಲಿ ಎರಡು ಭಾಗವಾಗಿ ಬಂತು: ಮೊದಲ ಭಾಗ ಸೆಪ್ಟೆಂಬರಿನಲ್ಲಿ, ಎರಡನೆಯದು ನವೆಂಬರಿನಲ್ಲಿ. ಹೆಸರು ಗೋಪಾಲಕೃಷ್ಣ ಅಡಿಗರ ಕವಿತೆಯಿಂದ ಬಂದದ್ದು. ಅದೇ ಕವಿತೆಯನ್ನು ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ದಲ್ಲಿ ಹಾಡಾಗಿ ಕೇಳಿದ್ದೇವೆ. ದೂರದ ಸೆಳೆತದ ಬಗ್ಗೆ ಕನ್ನಡದಲ್ಲಿ ಮಾತು ಬಂದಾಗಲೆಲ್ಲ ಅಡಿಗರ ಆ ಸಾಲುಗಳತ್ತಲೇ ನಾವು ಹೋಗುತ್ತೇವೆ.

ಈ ಸಿನಿಮಾದ ವಿಶೇಷವೆಂದರೆ ಪ್ರೇಮಿಗಳಿಬ್ಬರೂ ಇರುವುದು ಒಂದೇ ಬೆಂಗಳೂರಿನಲ್ಲಿ. ಮನು ಕಾರು ಓಡಿಸುವವನು, ಪ್ರಿಯಾ ಹಾಡುವವಳು. ಮನೆ ಕಟ್ಟುವ ಆಸೆಗೆ ದುಡ್ಡು ಬರುತ್ತದೆಂದು ಧಣಿಯ ಮನೆಯವರ ತಪ್ಪನ್ನು ಮನು ತನ್ನ ಮೇಲೆ ಹೊತ್ತು ಜೈಲು ಸೇರುತ್ತಾನೆ. ಜಾಮೀನು ಬೇಗ ಸಿಗುತ್ತದೆ ಎಂಬ ಮಾತು ಸುಳ್ಳಾಗುತ್ತದೆ. ಅಲ್ಲಿಂದ ಮುಂದೆ ಪ್ರಿಯಾ ಜೈಲಿನ ಭೇಟಿಗೆ ಹೋಗುವುದು, ಸಾಲಿನಲ್ಲಿ ನಿಲ್ಲುವುದು, ಗದ್ದಲದ ನಡುವೆ ಕೂಗಿ ಮಾತಾಡುವುದು. ರುಕ್ಮಿಣಿ ವಸಂತ್ ಅವರ ಮುಖ ನೋಡಬೇಕು. ಹೋಗುವಾಗ ಇರುವ ಉಮೇದು ಒಂದೊಂದೇ ಭೇಟಿಗೆ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಪ್ರೀತಿ ಇಳಿದದ್ದಲ್ಲ, ದಣಿವು ಏರಿದ್ದು. ಈ ವ್ಯತ್ಯಾಸವನ್ನು ತೋರಿಸಿದ ಕನ್ನಡ ಸಿನಿಮಾ ನಾನು ಬೇರೆ ಕಂಡಿಲ್ಲ.

ಎರಡನೆಯ ಭಾಗದ ಬಗ್ಗೆ ನನಗೆ ತಕರಾರಿದೆ. ಬಿಡುಗಡೆಯಾಗಿ ಬಂದ ಮನು ಮದುವೆಯಾದ ಪ್ರಿಯಾಳನ್ನು ಮರೆಯಿಂದ ನೋಡುತ್ತಾ, ಅವಳಿಗೆ ತಿಳಿಯದಂತೆ ಅವಳ ಸಂಸಾರಕ್ಕೆ ನೆರವಾಗುತ್ತಾನೆ. ಅವನ ನೋವು ನಿಜ. ಆದರೆ ಬೆನ್ನ ಹಿಂದೆ ನಿಂತು ನೋಡುವ ಕಣ್ಣಿನ ಬಗ್ಗೆ ಅವಳಿಗೆ ಏನನ್ನಿಸುತ್ತದೆ ಎಂದು ಸಿನಿಮಾ ಸಾಕಷ್ಟು ಕೇಳಲಿಲ್ಲ. ನಮ್ಮಲ್ಲಿ ನೋಡಿದ ಹುಡುಗಿಯರಿಗೆ ಅದು ಹಿತವೆನಿಸಲಿಲ್ಲ. ಹುಡುಗರು ಅತ್ತರು. ಎರಡನ್ನೂ ನಾನು ಗೌರವಿಸುತ್ತೇನೆ.

ಈಗ ವಿಡಿಯೊ ಕರೆ ಇದೆಯಲ್ಲ, ಇನ್ನು ವಿರಹ ಎಲ್ಲಿಂದ ಬಂತು?

ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ. ಕೇಳುವವರು ಸಾಮಾನ್ಯವಾಗಿ ಮನೆಯವರ ಜೊತೆಯಲ್ಲೇ ಇರುವವರು.

ಮೊದಲು ನಮ್ಮ ಕಾಲದ್ದು ಹೇಳುತ್ತೇನೆ. ಹಡಗಿನಿಂದ ಕಾಗದ ಬರಬೇಕಾದರೆ ಹಡಗು ಬಂದರು ಮುಟ್ಟಬೇಕು. ಒಮ್ಮೊಮ್ಮೆ ತಿಂಗಳು ಏನೂ ಇಲ್ಲ, ಆಮೇಲೆ ಒಂದೇ ದಿನ ಅಂಚೆಯವನು ಮೂರು ತಂದುಕೊಡುತ್ತಿದ್ದ. ಯಾವುದು ಮೊದಲಿನದು ಎಂದು ತಿಳಿಯಲು ಇಬ್ಬರೂ ಕಾಗದದ ಮೂಲೆಯಲ್ಲಿ ಸಂಖ್ಯೆ ಹಾಕುತ್ತಿದ್ದೆವು. ಒಂದು ಸಲ ಹದಿನಾಲ್ಕನೆಯದು ಮೊದಲು ಬಂತು. ‘ಜ್ವರ ಪೂರ್ತಿ ಬಿಟ್ಟಿದೆ, ಚಿಂತೆ ಬೇಡ’ ಎಂದಿತ್ತು. ಜ್ವರ ಬಂದಿದೆ ಎಂಬ ಹದಿಮೂರನೆಯ ಕಾಗದ ಹತ್ತು ದಿನ ಕಳೆದು ಬಂತು. ಗುಣವಾಗಿದೆ ಎಂದು ಗೊತ್ತಿದ್ದೂ ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ.

ಈಗಿನದು ನೋಡಿ. ನನ್ನ ತಂಗಿಯ ಮಗಳು ಶಿರಸಿಯಿಂದ ಒಳಗೆ, ತೋಟದ ನಡುವಿನ ಮನೆಯಲ್ಲಿದ್ದಾಳೆ. ಗಂಡ ಮಸ್ಕತ್‌ನಲ್ಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಸಿಗ್ನಲ್ ಸಿಗುವುದು ಮನೆಯ ಹಿಂದಿನ ಸೊಪ್ಪಿನ ಬೆಟ್ಟದ ಒಂದು ಮತ್ತಿ ಮರದ ಬುಡದಲ್ಲಿ. ಕೊಡೆ ಹಿಡಿದು, ಕಾಲಿಗೆ ಉಂಬಳ (ಜಿಗಣೆ) ಹತ್ತದಂತೆ ಸುಣ್ಣ ಹಚ್ಚಿಕೊಂಡು ಹತ್ತಬೇಕು. ಅಷ್ಟು ಹತ್ತಿದರೆ ಪರದೆಯಲ್ಲಿ ಅವನ ಮುಖ ಬಾಯಿ ಅರೆ ತೆರೆದು ನಿಂತುಬಿಡುತ್ತದೆ. ಮಾತು ಬಂದರೆ ಮುಖ ಇಲ್ಲ, ಮುಖ ಬಂದರೆ ಮಾತಿಲ್ಲ. ‘ಊಟ ಆಯಿತಾ’ ಎಂದು ಮೂರು ಸಲ ಕೇಳಿ ಕರೆ ಕಡಿದುಹೋಗುತ್ತದೆ. ಮನೆಗೆ ಬಂದ ಮೇಲೆ ಹೇಳಬೇಕಾಗಿದ್ದ ಒಂದೂ ಹೇಳಲಿಲ್ಲ ಎಂಬುದು ನೆನಪಾಗುತ್ತದೆ.

ಇದನ್ನು ಸಿನಿಮಾದಲ್ಲಿ ಸರಿಯಾಗಿ ತೋರಿಸಿದ್ದು ಸೆಲೀನ್ ಸಾಂಗ್ ಅವರ ‘ಪಾಸ್ಟ್ ಲೈವ್ಸ್’, 2023ರದು. ಕೊರಿಯಾದಲ್ಲಿ ಹನ್ನೆರಡು ವರ್ಷದವರಿದ್ದಾಗ ಬೇರ್ಪಟ್ಟ ಇಬ್ಬರು ಹನ್ನೆರಡು ವರ್ಷ ಕಳೆದು ಕಂಪ್ಯೂಟರಿನಲ್ಲಿ ಮತ್ತೆ ಸಿಗುತ್ತಾರೆ. ಅವಳು ನ್ಯೂಯಾರ್ಕಿನಲ್ಲಿ, ಅವನು ಸೋಲ್‌ನಲ್ಲಿ. ಒಬ್ಬರಿಗೆ ಬೆಳಗಾದರೆ ಇನ್ನೊಬ್ಬರಿಗೆ ರಾತ್ರಿ. ಕರೆ ಕಡಿಯುತ್ತದೆ, ಚಿತ್ರ ನಿಲ್ಲುತ್ತದೆ. ಒಂದು ದಿನ ಹುಡುಗಿಯೇ ಸ್ವಲ್ಪ ಕಾಲ ಮಾತು ನಿಲ್ಲಿಸೋಣ ಎನ್ನುತ್ತಾಳೆ. ಜಗಳವಿಲ್ಲ. ತಾನು ಇರುವ ಊರಿನಲ್ಲಿ ಬದುಕುವುದನ್ನು ಬಿಟ್ಟು ಸೋಲ್‌ಗೆ ಹೋಗುವ ವಿಮಾನಗಳನ್ನು ಹುಡುಕುತ್ತಾ ಕೂತಿದ್ದೇನೆ ಎಂಬುದು ಅವಳಿಗೆ ಹೊಳೆದಿರುತ್ತದೆ. ವಿಡಿಯೊ ಕರೆ ಮುಖವನ್ನು ತಂದುಕೊಡುತ್ತದೆ. ಬದಿಯಲ್ಲಿ ಸುಮ್ಮನೆ ಕೂರುವುದನ್ನು ತಂದುಕೊಡಲಾರದು. ಜೊತೆಯಲ್ಲಿದ್ದವರು ಗಂಟೆಗಟ್ಟಲೆ ಮಾತಿಲ್ಲದೆ ಇರಬಹುದು. ಫೋನಿನಲ್ಲಿ ಸುಮ್ಮನಿದ್ದರೆ ‘ಏನಾಯಿತು’ ಎಂಬ ಪ್ರಶ್ನೆ ಬರುತ್ತದೆ.

ವೀಸಾ, ಪಾಸ್‌ಪೋರ್ಟ್ ತೊಂದರೆಗಳನ್ನು ಸಿನಿಮಾದವರು ಏಕೆ ತೋರಿಸುವುದಿಲ್ಲ?

ತೋರಿಸಿದವರಿದ್ದಾರೆ. ಡ್ರೇಕ್ ಡೊರೆಮಸ್ ಅವರ ‘ಲೈಕ್ ಕ್ರೇಜಿ’ (2011) ನೋಡಿ. ಅಮೆರಿಕದಲ್ಲಿ ಓದುವ ಇಂಗ್ಲೆಂಡಿನ ಹುಡುಗಿ ಪ್ರಿಯತಮನ ಜೊತೆ ಇನ್ನೊಂದು ಬೇಸಿಗೆ ಇರೋಣವೆಂದು ವೀಸಾ ಅವಧಿ ಮೀರಿ ಉಳಿಯುತ್ತಾಳೆ. ಆಮೇಲೆ ವಿಮಾನ ನಿಲ್ದಾಣದಿಂದಲೇ ಅವಳನ್ನು ವಾಪಸು ಕಳಿಸುತ್ತಾರೆ. ಅಡ್ಡ ಬರುವವನು ಖಳನಾಯಕನಲ್ಲ, ಒಂದು ಮೊಹರು. ಕೊಲ್ಲಿ ದೇಶಗಳಲ್ಲಿ ಮನೆಯವರಿರುವ ಭಟ್ಕಳ, ಹೊನ್ನಾವರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಟರು ಮಾತುಗಳನ್ನು ಬಹುಮಟ್ಟಿಗೆ ತಾವೇ ಕಟ್ಟಿಕೊಂಡು ಆಡಿದ್ದಾರೆ. ಹಾಗಾಗಿ ಜಗಳಗಳು ಜಗಳದಂತೆಯೇ ಕೇಳಿಸುತ್ತವೆ.

ನಮ್ಮ ಹಳೆಯ ಕಥೆಗಳ ವಿರಹ ಬರೀ ಅಲಂಕಾರವಲ್ಲವೇ? ಅದರಲ್ಲಿ ನೈಜತೆ ಎಲ್ಲಿ?

ಚಂದ್ರ ಸುಡುತ್ತಾನೆ, ಗಂಧ ಉರಿಯುತ್ತದೆ ಎಂಬುದಷ್ಟೇ ನೆನಪಿದ್ದರೆ ಹಾಗನ್ನಿಸುತ್ತದೆ. ಕಾಳಿದಾಸನ ‘ಮೇಘದೂತ’ದಲ್ಲಿ ಯಕ್ಷ ತನ್ನ ಹೆಂಡತಿ ಈಗ ಏನು ಮಾಡುತ್ತಿರಬಹುದು ಎಂದು ಊಹಿಸುವ ಜಾಗ ಓದಿ. ಹೊಸ್ತಿಲಿಗೆ ಏರಿಸಿದ ಹೂಗಳನ್ನು ನೆಲದ ಮೇಲೆ ಜೋಡಿಸಿ ಉಳಿದ ತಿಂಗಳುಗಳನ್ನು ಎಣಿಸುತ್ತಿರಬಹುದು ಎನ್ನುತ್ತಾನೆ. ನಾನು ಎಣಿಸಿದ್ದು ಅಕ್ಕಿ ಡಬ್ಬಿಯ ಹಿಂದಿನ ಗೋಡೆಗೆ ಇದ್ದಿಲಿನಲ್ಲಿ ಎಳೆದ ಗೀಟುಗಳಿಂದ. ವ್ಯತ್ಯಾಸ ಹೂವಿಗೂ ಇದ್ದಿಲಿಗೂ ಇರುವಷ್ಟೇ.

ಇನ್ನು ನಳ ದಮಯಂತಿ. ನಮ್ಮ ಕಡೆ ಯಕ್ಷಗಾನದಲ್ಲಿ ನೋಡಿ ಬೆಳೆದ ಕಥೆ. ಮಹಾಭಾರತದ ನಳೋಪಾಖ್ಯಾನದಲ್ಲಿ, ರೂಪ ಕೆಟ್ಟು ಬಾಹುಕನೆಂಬ ಹೆಸರಿನಲ್ಲಿ ಬಂದ ನಳನನ್ನು ದಮಯಂತಿ ಗುರುತಿಸುವುದು ಹೇಗೆ? ಅವನು ಮಾಡಿದ ಅಡುಗೆಯನ್ನು ದಾಸಿ ಕೇಶಿನಿಯಿಂದ ತರಿಸಿಕೊಂಡು ರುಚಿ ನೋಡುತ್ತಾಳೆ. ಕೈರುಚಿಯಲ್ಲಿ ಗಂಡ ಸಿಗುತ್ತಾನೆ. ಮುಖ ಮೋಸ ಮಾಡಬಹುದು, ಉಪ್ಪು ಹುಳಿಯ ಹದ ಮೋಸ ಮಾಡುವುದಿಲ್ಲ ಎಂದು ಬಲ್ಲವರು ಬರೆದ ಕಥೆ ಅದು. ಅಷ್ಟು ಮನೆಯೊಳಗಿನ ವಿವರ ಹೊಸ ಸಿನಿಮಾಗಳಲ್ಲೂ ಅಪರೂಪ.

ಮುಖವನ್ನೇ ನೋಡದೆ ಪ್ರೀತಿಸಲು ಸಾಧ್ಯವೇ?

ಮೇಲಿನ ಉತ್ತರದ ಮುಂದುವರಿಕೆಯೆಂದೇ ರಿತೇಶ್ ಬಾತ್ರಾ ಅವರ ‘ದಿ ಲಂಚ್‌ಬಾಕ್ಸ್’ (2013) ನೋಡಬಹುದು. ಮುಂಬೈಯ ಡಬ್ಬಾವಾಲಾಗಳ ಕೈಯಲ್ಲಿ ಒಂದು ಊಟದ ಡಬ್ಬಿ ತಪ್ಪು ಮೇಜಿಗೆ ಹೋಗುತ್ತದೆ. ಖಾಲಿ ಡಬ್ಬಿಯಲ್ಲಿ ಚೀಟಿ ಬರುತ್ತದೆ. ಇಳಾ ಎಂಬ ಗೃಹಿಣಿ, ನಿವೃತ್ತಿಯ ಅಂಚಿನಲ್ಲಿರುವ ಸಾಜನ್ ಫರ್ನಾಂಡಿಸ್. ಮುಂಬೈಗೆ ವಲಸೆ ಹೋದ ಮನೆತನಗಳು ನಮ್ಮ ಜಿಲ್ಲೆಯ ಊರೂರಿನಲ್ಲಿವೆ. ಆ ಕಿಕ್ಕಿರಿದ ರೈಲು, ಆ ಕತ್ತಲೆಯ ಚಾಳು ನಮ್ಮವರಿಗೆ ಗೊತ್ತಿದ್ದದ್ದೇ.

ಭೇಟಿಯಾಗೋಣವೆಂದು ಹೋಟೆಲಿಗೆ ಹೋಗಿ ಇಳಾ ಕಾಯುತ್ತಾಳೆ. ಅವನು ಬಂದದ್ದು ಅವಳಿಗೆ ತಿಳಿಯುವುದಿಲ್ಲ. ಆ ಬೆಳಿಗ್ಗೆ ತನ್ನ ಸ್ನಾನದ ಮನೆಯಲ್ಲಿ ಅಜ್ಜನ ವಾಸನೆ ಬಂತು, ಆ ವಾಸನೆ ತನ್ನದೇ ಎಂದು ಗೊತ್ತಾಯಿತು ಎಂದು ಆಮೇಲೆ ಬರೆಯುತ್ತಾನೆ. ಇರ್ಫಾನ್ ಖಾನ್ ಆ ಮಾತನ್ನು ಎಷ್ಟು ಮೆಲ್ಲಗೆ ಹೇಳುತ್ತಾರೆಂದರೆ ನಮ್ಮ ಜಗಲಿಯಲ್ಲಿದ್ದ ಹಿರಿಯರೊಬ್ಬರು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು.

ಮತ್ತೆ ಒಂದಾದ ಮೇಲೆ ಎಲ್ಲವೂ ಸರಿಹೋಗುತ್ತದೆಯಲ್ಲವೇ?

ಸರಿಹೋಗಲು ಸಮಯ ಬೇಕು, ಮತ್ತು ಆ ಸಮಯವನ್ನು ಸಿನಿಮಾಗಳು ಕೊಡುವುದೇ ಇಲ್ಲ. ಬಂದವನು ಬಂದ, ಪರದೆ ಬಿತ್ತು.

ರಿಚರ್ಡ್ ಲಿಂಕ್ಲೇಟರ್ ಅವರ ಮೂರು ಸಿನಿಮಾಗಳು ಈ ಕೊರತೆಯನ್ನು ತುಂಬಿವೆ. 1995ರಲ್ಲಿ ‘ಬಿಫೋರ್ ಸನ್‌ರೈಸ್’, 2004ರಲ್ಲಿ ‘ಬಿಫೋರ್ ಸನ್‌ಸೆಟ್’, 2013ರಲ್ಲಿ ‘ಬಿಫೋರ್ ಮಿಡ್‌ನೈಟ್’. ಒಂದೊಂದಕ್ಕೂ ಒಂಬತ್ತು ವರ್ಷದ ಅಂತರ. ಈಥನ್ ಹಾಕ್, ಜೂಲಿ ಡೆಲ್ಪಿ ಅವರೇ ಮೂರರಲ್ಲೂ ನಿಜವಾಗಿ ವಯಸ್ಸಾಗುತ್ತಾ ಬರುತ್ತಾರೆ. ವಿಯೆನ್ನಾದಲ್ಲಿ ಒಂದು ರಾತ್ರಿ ಜೊತೆಯಲ್ಲಿ ನಡೆದವರು ವಿಳಾಸವನ್ನೂ ಬದಲಿಸಿಕೊಳ್ಳದೆ ಬೇರ್ಪಟ್ಟು, ಒಂಬತ್ತು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಸಿಗುತ್ತಾರೆ. ಎಲ್ಲರೂ ಮೆಚ್ಚುವುದು ಮೊದಲಿನ ಎರಡನ್ನು. ನನಗೆ ಬೇಕಾದದ್ದು ಮೂರನೆಯದು. ಗ್ರೀಸಿನ ಹೋಟೆಲ್ ಕೋಣೆಯಲ್ಲಿ, ಪ್ರಣಯಕ್ಕೆಂದು ಗೊತ್ತು ಮಾಡಿದ ಆ ಒಂದು ರಾತ್ರಿಯಲ್ಲಿ, ಪಾತ್ರೆ ತೊಳೆಯುವುದು ಯಾರು, ಮಕ್ಕಳನ್ನು ನೋಡಿಕೊಂಡದ್ದು ಯಾರು, ಯಾರ ಕೆಲಸಕ್ಕಾಗಿ ಯಾರು ಊರು ಬಿಡಬೇಕು ಎಂದು ದೊಡ್ಡ ಜಗಳ ನಡೆಯುತ್ತದೆ. ಸಿನಿಮಾ ಶುರುವಾಗುವುದು ವಿಮಾನ ನಿಲ್ದಾಣದಲ್ಲಿ: ತಂದೆ ತನ್ನ ಮೊದಲ ಮದುವೆಯ ಮಗನನ್ನು ಅಮೆರಿಕಕ್ಕೆ ಬೀಳ್ಕೊಡುತ್ತಾನೆ. ಪ್ರೇಮಿಗಳ ನಡುವಿನ ದೂರ ಮುಗಿದ ಮನೆಯಲ್ಲಿ ತಂದೆ ಮಗನ ನಡುವೆ ಹೊಸ ದೂರ ಹುಟ್ಟಿದೆ.

ನಮ್ಮ ಮನೆಯವರು ಪ್ರತಿ ಸಲ ಬಂದಾಗ ಮೊದಲ ಎರಡು ವಾರ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಇಂಜಿನ್ ಸದ್ದಿಗೆ ಒಗ್ಗಿದ ಕಿವಿಗೆ ನಮ್ಮ ಮನೆಯ ರಾತ್ರಿ ತೀರಾ ಸಪ್ಪಳವಿಲ್ಲದ್ದು. ಚಳಿಗಾಲದಲ್ಲೂ ತಲೆಯ ಹತ್ತಿರ ಹಳೆಯ ಟೇಬಲ್ ಫ್ಯಾನ್ ಓಡಬೇಕು. ನನಗೋ ಆ ಸದ್ದಿನಲ್ಲಿ ನಿದ್ದೆಯಿಲ್ಲ. ಒಂಬತ್ತು ತಿಂಗಳು ಕಾದದ್ದು ಇವರಿಗೇ. ಬಂದ ಮೂರನೆಯ ರಾತ್ರಿ ನಾನು ಚಾಪೆ ಹಿಡಿದು ಮಗಳ ಕೋಣೆಗೆ ಹೋಗಿ ಮಲಗಿದ್ದಿದೆ. ಬೆಳಿಗ್ಗೆ ಎದ್ದು ನೋಡಿದರೆ ಫ್ಯಾನ್ ಜಗಲಿಯ ಮೂಲೆಯಲ್ಲಿತ್ತು, ಅವರು ಅದರ ಪಕ್ಕದಲ್ಲಿ ಕೂತು ಬೀಡಿ ಸೇದುತ್ತಿದ್ದರು. ಆ ಬೆಳಿಗ್ಗೆ ನಾವಿಬ್ಬರೂ ಏನೂ ಮಾತಾಡಲಿಲ್ಲ. ಅದನ್ನು ಯಾರಾದರೂ ಸಿನಿಮಾ ಮಾಡಲಿ ಎಂದು ನನಗೆ ಆಸೆ.

ಪ್ರೀತಿಗಾಗಿ ತ್ಯಾಗ ಮಾಡುವುದು ಅತ್ಯಂತ ದೊಡ್ಡದಲ್ಲವೇ? ‘ಮುಂಗಾರು ಮಳೆ’ಯಲ್ಲಿ ಹಾಗೇ ತೋರಿಸಿದ್ದಾರಲ್ಲ?

‘ಮುಂಗಾರು ಮಳೆ’ಯ (2006) ಮಳೆ ನಮ್ಮ ಮಳೆ. ಅದಕ್ಕೆ ಬರೆದ ಜಯಂತ ಕಾಯ್ಕಿಣಿ ನಮ್ಮ ಗೋಕರ್ಣದವರು. ಕನ್ನಡದ ಪ್ರೇಮಗೀತೆಗೆ ಮತ್ತೆ ಸಾಮಾನ್ಯ ಮಾತಿನ ಜೀವ ಬಂದದ್ದು ಅವರಿಂದ. ಆ ಹಾಡುಗಳಿಗೆ ನಾನು ಋಣಿ. ಆದರೂ ಹೇಳಬೇಕು: ಅಲ್ಲಿ ಪ್ರೀತಿಯನ್ನು ಬಿಟ್ಟುಕೊಡುವ ತೀರ್ಮಾನ ಹುಡುಗನೊಬ್ಬನದು. ಯಾರನ್ನು ಬಿಟ್ಟುಕೊಡುತ್ತಿದ್ದಾನೋ ಅವಳನ್ನು ಅವನು ಸರಿಯಾಗಿ ಕೇಳುವುದಿಲ್ಲ. ನಮ್ಮ ತ್ಯಾಗದ ಸಿನಿಮಾಗಳಲ್ಲಿ ಬಹಳಷ್ಟು ಹೀಗೆಯೇ. ಇಬ್ಬರು ಕೂತು, ಅತ್ತು, ಲೆಕ್ಕ ಹಾಕಿ, ಕೊನೆಗೆ ಬೇರೆಯಾಗೋಣ ಎಂದುಕೊಳ್ಳುವುದು ತೆರೆಯ ಮೇಲೆ ಕಡಿಮೆ, ಊರಿನಲ್ಲಿ ಹೆಚ್ಚು.

ಕಾಯುವವಳು ಯಾವಾಗಲೂ ಹೆಣ್ಣೇ ಏಕೆ?

ಸಿ. ಪ್ರೇಮ್‌ಕುಮಾರ್ ಅವರ ತಮಿಳಿನ ‘96’ (2018) ನೋಡಿ, ಅದರಲ್ಲಿ ಕಾದವನು ಗಂಡು. ಶಾಲೆಯಲ್ಲಿ ಪ್ರೀತಿಸಿದ ಜಾನಕಿ ಸಿಂಗಪುರದಿಂದ ಬಂದು ಒಂದು ರಾತ್ರಿ ಜೊತೆಯಲ್ಲಿ ಸುತ್ತಾಡುತ್ತಾಳೆ, ಅಷ್ಟೇ ಕಥೆ. ಕನ್ನಡದಲ್ಲೂ ಅದು ‘99’ ಎಂದು ಬಂತು.

ಈ ಪ್ರಶ್ನೆ ಕೇಳಿದವರು ಶಿರಸಿಯ ಕಡೆಯ ಒಬ್ಬ ತಮ್ಮ. ಅಡಿಕೆ ತೋಟ ನೋಡಿಕೊಂಡು ಊರಿನಲ್ಲೇ ಉಳಿದವನು. ಓದಿದ ಹುಡುಗಿಯರು ಬೆಂಗಳೂರಿಗೆ ಹೋದರು. ತೋಟದ ಹುಡುಗನಿಗೆ ಹೆಣ್ಣು ಸಿಗುವುದು ಕಷ್ಟವಾಯಿತು. ಅವನು ಪ್ರೀತಿಸಿದವಳೂ ಬೆಂಗಳೂರಿನಲ್ಲೇ ಇದ್ದಾಳೆ. ನಾಲ್ಕು ವರ್ಷದಿಂದ ರಾತ್ರಿ ಬಸ್ಸಿನಲ್ಲಿ ಹೋಗಿ, ಒಂದು ದಿನ ಇದ್ದು, ಮತ್ತೆ ರಾತ್ರಿ ಬಸ್ಸಿನಲ್ಲಿ ಬರುತ್ತಾನೆ. ಅವಳಿಗೆ ಕೆಲಸ ಬಿಡಲಾಗದು, ಅವನಿಗೆ ತೋಟ ಬಿಡಲಾಗದು. ಇಬ್ಬರದೂ ನ್ಯಾಯವೇ. ಅಡಿಕೆಯ ಕೊನೆಕೊಯ್ಲಿನ ದಿನಗಳಲ್ಲಿ ಒಂದೂವರೆ ತಿಂಗಳು ಅವನಿಗೆ ಹೋಗಲಾಗುವುದಿಲ್ಲ. ಆಗ ಅವಳು ಬರುತ್ತಾಳೆ. ಅಡಿಕೆ ಸುಲಿಯುವ ಹೆಂಗಸರ ನಡುವೆ ಕೂತು, ಮೆಟ್ಟುಗತ್ತಿಯಲ್ಲಿ ಸುಲಿಯುವುದನ್ನು ಕಲಿತಿದ್ದಾಳಂತೆ. ಎಲ್ಲರ ಮುಂದೆ ಇಬ್ಬರೂ ಹೆಚ್ಚು ಮಾತಾಡುವುದಿಲ್ಲ. ಇದು ನಮ್ಮ ಜಿಲ್ಲೆಯ ಈ ಹೊತ್ತಿನ ಪ್ರೇಮಕಥೆ. ಇದನ್ನು ಕ್ಯಾಮೆರಾ ಇನ್ನೂ ನೋಡಿಲ್ಲ.

ನಮ್ಮ ಜಿಲ್ಲೆಯಲ್ಲಿ ಚಿತ್ರೀಕರಣವಾದ ಪ್ರೇಮ ಸಿನಿಮಾಗಳು ಇವೆಯಲ್ಲ?

ಇವೆ. ಸುನೀಲ್ ಕುಮಾರ್ ದೇಸಾಯಿ ಅವರ ‘ನಮ್ಮೂರ ಮಂದಾರ ಹೂವೇ’ ಬಂದ ಮೇಲೆ ಯಾಣದ ಬಂಡೆಗಳು ನಾಡಿಗೆಲ್ಲ ಪರಿಚಯವಾದವು. ಗೋಕರ್ಣದ ಓಂ ಬೀಚ್ ಹಾಡುಗಳಿಗೆ ಆಗಿಬಂದ ಜಾಗ. ಬಹುಪಾಲು ಸಿನಿಮಾಗಳಿಗೆ ನಮ್ಮ ಕಡಲು ಹಿನ್ನೆಲೆ. ಅದರ ಮೇಲೆ ದುಡಿಯುವವರು ಕಾಣುವುದಿಲ್ಲ. ತದಡಿಯ ಬಂದರಿನಲ್ಲಿ ಐಸ್ ತುಂಬಿಸಿಕೊಂಡು ಬೋಟು ಹೊರಡುವಾಗ ದಡದಲ್ಲಿ ಯಾರೂ ಕೈಬೀಸುವುದಿಲ್ಲ ಎಂಬುದು ಎಷ್ಟು ನಿರ್ದೇಶಕರಿಗೆ ಗೊತ್ತು? ಬುಟ್ಟಿ ಹೊತ್ತ ಹೆಂಡತಿಗೆ ಆ ಹೊತ್ತಿಗೆ ಮಾರುಕಟ್ಟೆಯ ಬಸ್ಸು ಹಿಡಿಯಬೇಕಿರುತ್ತದೆ.

ಒಂದೇ ಮನೆಯಲ್ಲಿದ್ದೂ ದೂರವಾದವರ ಸಿನಿಮಾ ಯಾವುದು?

ಸತ್ಯಜಿತ್ ರಾಯ್ ಅವರ ‘ಚಾರುಲತಾ’ (1964). ಮೂಲ ರವೀಂದ್ರನಾಥ ಟ್ಯಾಗೋರರ ‘ನಷ್ಟನೀಡ’. ಟ್ಯಾಗೋರರಿಗೂ ಕಾರವಾರಕ್ಕೂ ನಂಟಿದೆ: ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರರು ಬಂದು ಉಳಿದಿದ್ದರ, ಕಾಳಿ ನದಿಯಲ್ಲಿ ಬೆಳದಿಂಗಳ ದೋಣಿಯಾನ ಮಾಡಿದ್ದರ ಬಗ್ಗೆ ಅವರೇ ಬರೆದಿದ್ದಾರೆ. ಪ್ರೀತಿಯ ಕಟ್ಟನ್ನೆಲ್ಲ ಕಳಚಿದೆ ಎಂದುಕೊಂಡ ಸಂನ್ಯಾಸಿಯನ್ನು ಒಬ್ಬ ಪುಟ್ಟ ಹುಡುಗಿ ಮತ್ತೆ ಲೋಕಕ್ಕೆ ಎಳೆದು ತರುವ ನಾಟಕವನ್ನು ಅವರು ಬರೆದದ್ದು ಇಲ್ಲಿಯೇ. ‘ಚಾರುಲತಾ’ದ ಆರಂಭದಲ್ಲಿ ಗಂಡ ಪುಸ್ತಕ ಓದುತ್ತಾ ಹೆಂಡತಿಯ ಪಕ್ಕದಲ್ಲೇ ಹಾದುಹೋಗುತ್ತಾನೆ, ಅವಳನ್ನು ಗಮನಿಸುವುದಿಲ್ಲ. ಅವಳು ದುರ್ಬೀನು ಕಣ್ಣಿಗಿಟ್ಟು ಅವನ ಬೆನ್ನನ್ನು ನೋಡುತ್ತಾಳೆ. ನಾಲ್ಕು ಹೆಜ್ಜೆ ದೂರಕ್ಕೆ ದುರ್ಬೀನು ಬೇಕಾಗುವ ಸಂಸಾರ.

ಬೇರೆ ಬೇರೆ ಊರಿನಲ್ಲಿದ್ದು ಜೊತೆಯಾಗಿ ಸಿನಿಮಾ ನೋಡುವುದು ಹೇಗೆ?

ಮೊದಲೇ ಇಳಿಸಿಟ್ಟುಕೊಳ್ಳಿ, ನೆಟ್‌ವರ್ಕ್ ನಂಬಬೇಡಿ. ಇಬ್ಬರೂ ಒಂದೇ ನಿಮಿಷಕ್ಕೆ ಶುರು ಮಾಡಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ ಎಂಬುದು ನೆನಪಿರಲಿ. ಅವರು ಪಾಳಿ ಮುಗಿಸಿ ಬಂದು ಉಣ್ಣಲು ಸಮಯ ಕೊಡಿ. ನೋಡುವಾಗ ಕರೆ ಬೇಡ. ಮುಗಿದ ಮೇಲೂ ಕೂಡಲೇ ಬೇಡ, ಮರುದಿನ ಮಾತಾಡಿ. ಒಂದು ರಾತ್ರಿ ಕಳೆದರೆ ಇಬ್ಬರಿಗೂ ಬೇರೆ ಬೇರೆ ದೃಶ್ಯ ನೆನಪಿನಲ್ಲಿ ಉಳಿದಿರುತ್ತದೆ. ಮಾತು ಬೆಳೆಯುವುದು ಅಲ್ಲಿಂದ.

ಇಂಥ ಸಿನಿಮಾ ನೋಡಿ ನನ್ನ ಸಂಬಂಧದ ಮೇಲೆಯೇ ಅನುಮಾನ ಬಂದಿದೆ. ಏನು ಮಾಡಲಿ?

ಮೂರು ಮಂದಿ ಇದನ್ನು ನನ್ನನ್ನು ಒಬ್ಬಳೇ ಸಿಕ್ಕಾಗ ಕೇಳಿದ್ದಾರೆ. ಸಿನಿಮಾ ಅನುಮಾನವನ್ನು ಹುಟ್ಟಿಸುವುದು ಕಡಿಮೆ. ಇದ್ದದ್ದಕ್ಕೆ ಮಾತು ಕೊಡುವುದು ಹೆಚ್ಚು. ‘ನಮ್ಮಲ್ಲಿ ಹೀಗಾಗಿದೆ’ ಎಂದು ನೇರವಾಗಿ ಹೇಳಲು ಕಷ್ಟವಾದರೆ ‘ಆ ಸಿನಿಮಾದಲ್ಲಿ ಅವಳು ಹೀಗಂದಳಲ್ಲ’ ಎಂದು ಶುರು ಮಾಡಬಹುದು. ಅವರಲ್ಲಿ ಒಬ್ಬಳು ಹಾಗೆ ಮಾಡಿ ಸಂಬಂಧ ಉಳಿಸಿಕೊಂಡಳು. ಇನ್ನೊಬ್ಬಳು ಹಾಗೆಯೇ ಮಾಡಿ ಬಿಡಿಸಿಕೊಂಡಳು. ಮೂರನೆಯವಳು ಇನ್ನೂ ಮಾತಾಡಿಲ್ಲ, ಆಗಾಗ ಸಂಜೆ ನಮ್ಮ ಮನೆಗೆ ಬಂದು ಕೂರುತ್ತಾಳೆ. ಹೊಡೆತ, ಬೆದರಿಕೆ, ಫೋನಿನ ಮೇಲೆ ಕಾವಲು ಇದ್ದರೆ ಮಾತ್ರ ಸಿನಿಮಾದ ಮಾತು ಬಿಟ್ಟು ಮನೆಯ ಹಿರಿಯರಿಗೋ ನಂಬಿಕೆಯವರಿಗೋ ತಕ್ಷಣ ತಿಳಿಸಿ.

ಮಕ್ಕಳನ್ನು ಕರೆತರಬಹುದೇ?

‘ಲಂಚ್‌ಬಾಕ್ಸ್’ಗೆ, ‘ಶೆರ್ಬೂರ್’ಗೆ ದೊಡ್ಡ ಮಕ್ಕಳು ಬರಬಹುದು. ‘ಬಿಫೋರ್ ಮಿಡ್‌ನೈಟ್’ಗೂ ‘ಸಪ್ತ ಸಾಗರದಾಚೆ’ಯ ಎರಡನೆಯ ಭಾಗಕ್ಕೂ ಬೇಡ.

ಮಳೆಗಾಲದಲ್ಲಿಯೂ ಸಿನಿಮಾ ಇರುತ್ತದೆಯೇ?

ಇರುತ್ತದೆ, ಆಗಲೇ ಜನ ಹೆಚ್ಚು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ; ಅರವತ್ತೊಂದು ದಿನ ಬೋಟಿನವರು ಮನೆಯಲ್ಲಿರುತ್ತಾರೆ. ಮೇಳದವರೂ ಬಂದಿರುತ್ತಾರೆ. ವರ್ಷದಲ್ಲಿ ಗಂಡ ಹೆಂಡತಿ ಜೊತೆಯಾಗಿ ಬಂದು ನಮ್ಮ ಜಗಲಿಯಲ್ಲಿ ಕೂರುವುದು ಈ ಎರಡು ತಿಂಗಳಷ್ಟೇ. ಅಗಲಿಕೆಯ ಸಿನಿಮಾ ಆಗ ಬೇಡ, ಬೇರೇನಾದರೂ ತೋರಿಸೋಣ ಎಂದು ಕಳೆದ ವರ್ಷ ನಾನೇ ಹೇಳಿದೆ. ಹೆಂಗಸರು ಒಪ್ಪಲಿಲ್ಲ. ‘ಇಲ್ಲ ಅಕ್ಕೋರೇ, ಅದನ್ನೇ ಹಾಕಿ, ಇವರೂ ಒಮ್ಮೆ ನೋಡಲಿ’ ಎಂದರು. ‘ಶೆರ್ಬೂರ್’ ಹಾಕಿದೆ. ಮಳೆಯ ಸದ್ದಿಗೆ ಹಾಡು ಅರ್ಧ ಕೇಳಿಸಲಿಲ್ಲ, ನಡುವಿನ ಭಾಗದಲ್ಲಿ ಕರೆಂಟು ಹೋಯಿತು. ಯಾರೂ ಎದ್ದು ಹೋಗಲಿಲ್ಲ. ಮುಕ್ಕಾಲು ಗಂಟೆ ಕತ್ತಲೆಯಲ್ಲಿ ಕಾದೆವು. ಬರುವವರು ಟಾರ್ಚ್ ತನ್ನಿ, ಚಾಪೆ ನಮ್ಮಲ್ಲಿದೆ.